ಏಕಲಿಂಗ ಗಿಫ್ಟ್ ತಿಲಾಪಿಯಾ ಮರಿ: ಕೃಷಿಹೊಂಡದಲ್ಲಿ ಬೆಳೆಸಿದ ಮೇಲೊಂದು ವಿಮರ್ಶೆ

ನಮ್ಮ ಕೃಷಿಹೊಂಡಕ್ಕೆ ಈ ಬಾರಿ ಕಾಟ್ಲಾ, ರೋಹು ಬಿಡದೆ ಏಕಲಿಂಗ ಗಿಫ್ಟ್ ತಿಲಾಪಿಯಾ ಮರಿಗಳನ್ನು ಬಿಟ್ಟಿದ್ದೆವು. ಪೇಟೆಯಲ್ಲಿ ಜಿಲೇಬಿ ಎಂದು ಕರೆಯುವ ಮೀನಿನ ಸುಧಾರಿತ ತಳಿ ಇದು. ಮರಿಗಳನ್ನು ಕೊಟ್ಟದ್ದು ಒಂದು ಖಾಸಗಿ ಹ್ಯಾಚರಿ. ಆಮ್ಲಜನಕ ತುಂಬಿದ ಚೀಲಗಳು ಗಟ್ಟಿಯಾಗಿದ್ದವು, ಮರಿಗಳು ಚುರುಕಾಗಿದ್ದವು, ದಾರಿಯಲ್ಲಿ ಸತ್ತವು ತೀರ ಕಡಿಮೆ. ಇಷ್ಟರ ಮಟ್ಟಿಗೆ ಅವರ ಕೆಲಸ ಮೆಚ್ಚುವಂಥದ್ದೇ. ಆದರೆ ಈ ಮರಿಗೆ ನಾವು ಹೆಚ್ಚಿನ ಬೆಲೆ ಕೊಡುವುದು ಎಲ್ಲವೂ ಗಂಡು ಎಂಬ ಒಂದೇ ಕಾರಣಕ್ಕೆ, ಮತ್ತು ಕೊಳ್ಳುವ ಹೊತ್ತಿನಲ್ಲಿ ಆ ಗುಣ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹ್ಯಾಚರಿಯೊಳಗಿನ ಕೆಲಸವನ್ನು ಅರಿಯದೆ ಮರಿಯ ಗುಣಮಟ್ಟವನ್ನು ಅಳೆಯಲಾಗದು.

ಜಿಲೇಬಿಯ ತೊಂದರೆ ಅದರ ಸಂತಾನಶಕ್ತಿಯೇ. ಕೆಲವೇ ತಿಂಗಳಲ್ಲಿ ಬಲಿತು ಮೊಟ್ಟೆಗೆ ಬರುವ ಹೆಣ್ಣು, ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುವಷ್ಟು ದಿನ ಮೇವನ್ನು ಬಹುತೇಕ ಬಿಟ್ಟುಬಿಡುವುದರಿಂದ ಅದರ ಮೈ ಬೆಳೆಯುವುದಿಲ್ಲ. ಅತ್ತ ಹೊಂಡದ ತುಂಬ ಮರಿಗಳಾಗಿ, ಮೇವಿಗೂ ಆಮ್ಲಜನಕಕ್ಕೂ ಪೈಪೋಟಿ ಹುಟ್ಟಿ, ಕೊನೆಗೆ ಅಂಗೈಯಗಲವೂ ಆಗದ ಮೀನುಗಳೇ ಬಲೆಗೆ ಬೀಳುತ್ತವೆ. ಗಂಡು ಬೇಗ ದೊಡ್ಡದಾಗುತ್ತದೆ. ಹೊರಗಿನಿಂದ ಬಂದ ಈ ಮೀನು ಕೆರೆ, ಹೊಳೆಗಳಿಗೆ ಸೇರಿ ನಾಡ ಮೀನುಗಳನ್ನು ಹಿಂದೊತ್ತಬಾರದೆಂದು, ನಮ್ಮ ದೇಶದ ಮಾರ್ಗಸೂಚಿಯೂ ಏಕಲಿಂಗ ಗಂಡು ಇಲ್ಲವೇ ಸಂತಾನಹೀನ ಮರಿಗಳ ಸಾಕಣೆಯನ್ನಷ್ಟೇ ಒಪ್ಪುತ್ತದೆ.

ಗಿಫ್ಟ್ ಎಂದರೆ ‘ಜೆನೆಟಿಕಲಿ ಇಂಪ್ರೂವ್ಡ್ ಫಾರ್ಮ್ಡ್ ತಿಲಾಪಿಯಾ’, ಅಂದರೆ ಆನುವಂಶಿಕವಾಗಿ ಸುಧಾರಿಸಿದ ಸಾಕಣೆ ತಿಲಾಪಿಯಾ. ಈ ಹೆಸರು ಕೇಳಿ ಇದನ್ನು ಕುಲಾಂತರಿ ಎಂದು ಶಂಕಿಸುವವರಿದ್ದಾರೆ. 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಆರಂಭವಾದ ಆಯ್ಕೆ ತಳಿ ಸಂವರ್ಧನೆಯಿಂದ ಬಂದದ್ದಿದು. ಬೇರೆ ಜೀವಿಯ ವಂಶವಾಹಿ ಇದರಲ್ಲಿಲ್ಲ. ಮರಿಗಳನ್ನು ಗಂಡಾಗಿಸುವುದು ಆ ನಂತರದ, ಪ್ರತ್ಯೇಕವಾದ ಕೆಲಸ.

ತಿಲಾಪಿಯಾದಲ್ಲೂ ಎಕ್ಸ್‌ಎಕ್ಸ್ ಹೆಣ್ಣು, ಎಕ್ಸ್‌ವೈ ಗಂಡು ಎಂಬ ವರ್ಣತಂತುಗಳ ಏರ್ಪಾಡಿದೆ. ಆದರೂ ಮೊಟ್ಟೆಯೊಡೆದು ಬಂದ ಮರಿಯ ಜನನಗ್ರಂಥಿ ಆಗಿನ್ನೂ ಅಂಡಾಶಯವೂ ಅಲ್ಲ, ವೃಷಣವೂ ಅಲ್ಲ. ಅರೊಮಟೇಸ್ ಎಂಬ ಕಿಣ್ವವು ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತ ಹೋದರೆ ಗ್ರಂಥಿ ಅಂಡಾಶಯದ ದಾರಿ ಹಿಡಿಯುತ್ತದೆ. ಈಸ್ಟ್ರೋಜನ್ ಸಾಲದಿದ್ದರೆ ವೃಷಣವಾಗುತ್ತದೆ. ಈ ನಿರ್ಧಾರ ಮೊದಲ ಕೆಲವು ವಾರಗಳಲ್ಲೇ ಮುಗಿಯುವುದರಿಂದ, ಹ್ಯಾಚರಿಯವರು ಮರಿ ಮೇವು ತಿನ್ನಲು ಆರಂಭಿಸಿದ ಕೂಡಲೇ 17-ಆಲ್ಫಾ ಮೀಥೈಲ್ ಟೆಸ್ಟೊಸ್ಟೆರಾನ್ ಎಂಬ ಕೃತಕ ಗಂಡು ಹಾರ್ಮೋನನ್ನು ಮದ್ಯಸಾರದಲ್ಲಿ ಕರಗಿಸಿ, ಪುಡಿಮೇವಿಗೆ ಬೆರೆಸಿ ಒಣಗಿಸಿ, 21ರಿಂದ 28 ದಿನ ಉಣಿಸುತ್ತಾರೆ. ಕಿಲೋ ಮೇವಿಗೆ 60 ಮಿಲಿಗ್ರಾಂ ಎಂಬುದು ವಾಡಿಕೆಯ ಪ್ರಮಾಣ. ಹೀಗೆ ಎಕ್ಸ್‌ಎಕ್ಸ್ ಮರಿಯೂ ಗಂಡಾಗಿ ಬೆಳೆಯುತ್ತದೆ.

ಕೇಳಲು ಸುಲಭವಾದ ಈ ವಿಧಾನದಲ್ಲಿ ಶ್ರದ್ಧೆ ತಪ್ಪುವ ಜಾಗಗಳು ಹಲವಿವೆ. ನೀರು ಹಸಿರಾಗಿದ್ದರೆ ಮರಿಗಳು ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳನ್ನು ತಿಂದು ಹಾರ್ಮೋನು ಬೆರೆತ ಮೇವನ್ನು ಕಡಿಮೆ ತಿನ್ನುತ್ತವೆ. ಬೇರೆ ಬೇರೆ ವಯಸ್ಸಿನ ಮರಿಗಳನ್ನು ಒಂದೇ ಹಾಪಾದಲ್ಲಿ, ಅಂದರೆ ನೀರಿನಲ್ಲಿ ಕಟ್ಟಿದ ಸಣ್ಣ ಕಣ್ಣಿನ ಬಲೆತೊಟ್ಟಿಯಲ್ಲಿ ಇಟ್ಟರೆ, ದೊಡ್ಡವುಗಳ ಲಿಂಗ ಅದಾಗಲೇ ನಿಶ್ಚಯವಾಗಿರುತ್ತದೆ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಪ್ರಮಾಣ ಮಿತಿಮೀರಿದರೆ ಅದೇ ಅರೊಮಟೇಸ್ ಹೆಚ್ಚಾದ ಹಾರ್ಮೋನನ್ನು ಈಸ್ಟ್ರೋಜನ್ ಬಗೆಯ ವಸ್ತುವಾಗಿ ಬದಲಿಸಿ, ಬಯಸಿದ್ದಕ್ಕೆ ವಿರುದ್ಧವಾಗಿ ಹೆಣ್ಣಿನ ಲಕ್ಷಣಗಳನ್ನು ಮೂಡಿಸಬಲ್ಲದು.

ನೀರಿನ ಉಷ್ಣತೆಯೂ ಇದೇ ಕಿಣ್ವದ ಮೇಲೆ ಕೆಲಸ ಮಾಡುತ್ತದೆ. ಆ ಎಳೆ ವಯಸ್ಸಿನಲ್ಲಿ ತಿಲಾಪಿಯಾ ಮರಿಗಳನ್ನು 35–36 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟರೆ ಅರೊಮಟೇಸ್ ವಂಶವಾಹಿಯ ಚಟುವಟಿಕೆ ಕುಗ್ಗಿ ಗಂಡುಗಳ ಪಾಲು ಏರುತ್ತದೆ. ಆದರೆ ಈ ಪರಿಣಾಮ ತಳಿಯಿಂದ ತಳಿಗೆ, ಒಂದೇ ತಳಿಯ ಕುಟುಂಬದಿಂದ ಕುಟುಂಬಕ್ಕೆ ಬದಲಾಗುವುದರಿಂದ, ಬಿಸಿನೀರೊಂದನ್ನೇ ನಂಬಿ ಎಲ್ಲವನ್ನೂ ಗಂಡಾಗಿಸಲಾಗದು. ಯುರೋಪಿನಲ್ಲಿ ಸೀಬಾಸ್ ಎಂಬ ಕಡಲಮೀನಿನ ಸಾಕಣೆಯಲ್ಲಿ ಇದೇ ಗುಣ ಕಾಟವಾಗಿದೆ: ಅಲ್ಲಿ ದೊಡ್ಡದಾಗಿ ಬೆಳೆಯುವುದು ಹೆಣ್ಣು, ಬೇಗ ಬೆಳೆಯಲೆಂದು ಮರಿಗಳನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟಾಗ ಹೆಚ್ಚುವುದು ಗಂಡು. ನಮ್ಮಲ್ಲಿ ಚಿಂತಿಸಬೇಕಾದದ್ದು ಚಳಿಗಾಲದ ಮರಿಯ ಬಗ್ಗೆ. ನೀರು ತಣ್ಣಗಿದ್ದರೆ ಮರಿಯ ಬೆಳವಣಿಗೆ ನಿಧಾನವಾಗಿ ಮೇವೂ ಕಡಿಮೆಯಾಗುತ್ತದೆ. ಆಗಲೂ 21 ದಿನಕ್ಕೇ ಹಾರ್ಮೋನು ಮೇವನ್ನು ನಿಲ್ಲಿಸಿದರೆ ಕೆಲಸ ಅರ್ಧಕ್ಕೇ ನಿಂತಂತೆ. ಮರಿ ನಮ್ಮ ಹೊಂಡಕ್ಕೆ ಬಂದ ಮೇಲೆ ಮಾತ್ರ ಬಿಸಿಲಾಗಲಿ ಚಳಿಯಾಗಲಿ ಅದರ ಲಿಂಗವನ್ನು ಬದಲಿಸದು.

ನಮ್ಮ ಫಲಿತಾಂಶಕ್ಕೆ ಬರುವುದಾದರೆ, ಬಹುಪಾಲು ಮೀನುಗಳು ಗಂಡೇ ಆಗಿದ್ದು ಚೆನ್ನಾಗಿ ಮೈತುಂಬಿದ್ದವು. ಆದರೆ ಬೆಳೆಯ ನಡುವಿನಲ್ಲೇ ಹೊಂಡದ ಅಂಚಿನಲ್ಲಿ ಹೊಸ ಮರಿಗಳ ಹಿಂಡು ಕಾಣಿಸಿಕೊಂಡಿತು. ಬಲೆ ಎಳೆದು ಸಣ್ಣ ಮೀನುಗಳ ಹೊಟ್ಟೆಯಡಿ ನೋಡಿದರೆ ಕೆಲವು ಹೆಣ್ಣುಗಳಿದ್ದವು. ಗಂಡಿಗೆ ಅಲ್ಲಿ ಎರಡು ರಂಧ್ರಗಳಿದ್ದರೆ ಹೆಣ್ಣಿಗೆ ಮೂರು. ಒಮ್ಮೆ ನೋಡಿ ತಿಳಿದವರಿಗೆ ಗುರುತು ತಪ್ಪುವುದಿಲ್ಲ. ಸ್ವಲ್ಪ ಹೆಣ್ಣು ಉಳಿಯುವುದು ಈ ವಿಧಾನದಲ್ಲಿ ಸಹಜವೆಂದು ನಾನು ಒಪ್ಪುತ್ತೇನೆ. ನನ್ನ ಆಕ್ಷೇಪವಿರುವುದು, ನೂರಕ್ಕೆ ನೂರು ಗಂಡು ಎಂದು ಮಾರಿದ ಹ್ಯಾಚರಿಯ ಬಳಿ ಆ ತಂಡದ ಮರಿಗಳಿಗೆ ಎಷ್ಟು ದಿನ ಹಾರ್ಮೋನು ಮೇವು ಕೊಟ್ಟರು, ನೀರಿನ ಉಷ್ಣತೆ ಎಷ್ಟಿತ್ತು ಎಂಬ ದಾಖಲೆಯೇ ಇರಲಿಲ್ಲ ಎಂಬುದಕ್ಕೆ.

ಹಾರ್ಮೋನು ಕೊಟ್ಟ ಮೀನನ್ನು ತಿನ್ನಬಹುದೇ ಎಂದು ನಮ್ಮ ಗಿರಾಕಿಗಳು ಕೇಳುತ್ತಾರೆ, ಕೇಳುವುದು ನ್ಯಾಯವೇ. ಮರಿ ಒಂದು ಗ್ರಾಂ ತೂಗುವ ಮೊದಲೇ ಹಾರ್ಮೋನು ನಿಲ್ಲುತ್ತದೆ, ಬೇಗನೆ ದೇಹದಿಂದ ಹೊರಹೋಗುತ್ತದೆ, ಮೀನು ತಟ್ಟೆಗೆ ಬರುವುದು ತಿಂಗಳುಗಳ ಬಳಿಕ. ಮಾಂಸದ ಪ್ರಾಣಿಗಳ ಬೆಳವಣಿಗೆಗೆ ಹಾರ್ಮೋನು ನಿಷೇಧಿಸಿದ ಯುರೋಪಿಯನ್ ಒಕ್ಕೂಟದ 1996ರ ನಿರ್ದೇಶನವೂ ಮೀನಿನ ಮೊದಲ ಮೂರು ತಿಂಗಳಲ್ಲಿ ಲಿಂಗ ಪರಿವರ್ತನೆಗೆ ಅವಕಾಶ ಉಳಿಸಿದೆ. ನನಗೆ ಹೆಚ್ಚಿನ ಕಳವಳ ಹ್ಯಾಚರಿಯಲ್ಲಿ ದುಡಿಯುವವರದು: ಆ ಪುಡಿಯನ್ನು ಕೈಗವಸು, ಮುಖಗವಸುಗಳಿಲ್ಲದೆ ಬೆರೆಸಬಾರದು, ತೊಟ್ಟಿಯ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡಬಾರದು.

ಪರವಾನಗಿ ಪಡೆದು ಶಿಸ್ತಿನಿಂದ ಮೇವು ಹಾಕಬಲ್ಲ ಕೃಷಿಕರಿಗೆ ಈ ಮರಿಯನ್ನು ನಾನು ಶಿಫಾರಸು ಮಾಡುತ್ತೇನೆ. ಮಳೆಗಾಲದಲ್ಲಿ ಉಕ್ಕಿ ಹಳ್ಳಕ್ಕೆ ಹರಿಯುವ ಹೊಂಡಗಳವರು ಕಾಟ್ಲಾ, ರೋಹುಗಳಲ್ಲೇ ಇರುವುದು ಒಳ್ಳೆಯದು. ಕೊಳ್ಳುವ ಮುನ್ನ ಮೇವಿನ ದಿನಗಳ ಮತ್ತು ಉಷ್ಣತೆಯ ದಾಖಲೆಯನ್ನು ಕೇಳಿರಿ. ಒಂದಷ್ಟು ಮರಿಗಳ ಜನನಗ್ರಂಥಿಗೆ ಅಸಿಟೊಕಾರ್ಮೈನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಡುಹೆಣ್ಣಿನ ಪಾಲು ತಿಳಿಯುತ್ತದೆ. ಆ ಪರೀಕ್ಷೆಯ ಫಲಿತಾಂಶವನ್ನು ಬಿಲ್ಲಿನ ಜೊತೆ ಕೊಡುವ ಹ್ಯಾಚರಿಗೆ ನಾನು ಇನ್ನಷ್ಟು ಬೆಲೆ ಕೊಡಲೂ ಸಿದ್ಧ.