ಮನೆಯಲ್ಲೇ ಮಾಡಿಕೊಂಡ ಜಿಪ್ಸಿ, ಮಧುಗಿರಿ ಕಡೆಯ ಕಲ್ಲು ಮರಳಿನ ದಾರಿಗಳಲ್ಲಿ

ಮಾರುತಿ ಜಿಪ್ಸಿ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಡಬಲ್ಲ ಆ ಜೀಪಿನಂಥ ಗಾಡಿಯನ್ನು ಎತ್ತರ ಮಾಡಿಸೋಣ ಅಂತ ದುಡ್ಡು ಎತ್ತಿಟ್ಟವರಿಗೆ ಮೊದಲೇ ಹೇಳಿಬಿಡುತ್ತೇನೆ, ಆ ದುಡ್ಡನ್ನು ಮೊದಲು ಟಯರ್‌ಗೆ ಹಾಕಿ.

ನನ್ನದು ಜಿಪ್ಸಿ ಕಿಂಗ್, 1298 ಸಿಸಿಯ, ಪ್ರತಿ ಸಿಲಿಂಡರ್‌ಗೂ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್. ಮಧುಗಿರಿಯ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ನಾನೂ ತಮ್ಮನೂ ಬಿಚ್ಚಿ ಕಟ್ಟಿದ್ದು. ವೆಲ್ಡಿಂಗ್‌ಗೆ ಮಾತ್ರ ಟ್ರ್ಯಾಕ್ಟರ್ ಟ್ರೈಲರ್ ಮಾಡುವವರನ್ನು ಕರೆದಿದ್ದೆವು. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್‌ಗೆ ಒಂದೊಂದು ಬ್ಲೇಡ್ (ಉಕ್ಕಿನ ಪಟ್ಟಿ) ಜಾಸ್ತಿ, ಉದ್ದದ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಕೊಂಡಿ), ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್, ಉದ್ದದ ಬ್ರೇಕ್ ಹೋಸ್. ಗಾಡಿ ಎರಡು ಇಂಚಿನಷ್ಟು ಎದ್ದಿದೆ. ಮೊದಲು 205/70 ಆರ್15 ಟಯರ್ ಇತ್ತು, ಈಗ 235/75 ಆರ್15, ಅಂದರೆ ಅಗಲವೂ ಎತ್ತರವೂ ಜಾಸ್ತಿ.

ಸ್ಪ್ರಿಂಗ್ ಎತ್ತಿದರೆ ಬಾಡಿ, ಚಾಸಿ (ಅಡಿ ಚೌಕಟ್ಟು) ಮೇಲೇಳುತ್ತವೆ, ಎರಡು ಚಕ್ರ ಜೋಡಿಸುವ ಆಕ್ಸಲ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಮೊದಲು ತಾಗುವುದು ಆಕ್ಸಲ್ ನಡುವಿನ ಡಿಫರೆನ್ಷಿಯಲ್, ಎಂಜಿನ್ ಎಳೆತವನ್ನು ಎರಡು ಚಕ್ರಕ್ಕೆ ಹಂಚುವ ಗೇರ್‌ಗಳ ಉಂಡೆ. ಅದು ಏಳಬೇಕಾದರೆ ಟಯರ್ ದೊಡ್ಡದಾಗಬೇಕು. ನನ್ನ ಗಾಡಿಯಲ್ಲಿ ಟಯರ್‌ನಿಂದ ಡಿಫರೆನ್ಷಿಯಲ್ ಎದ್ದಿದ್ದು ಮೂರು ಸೆಂಟಿಮೀಟರ್ ಚಿಲ್ಲರೆ. ಅಷ್ಟರಲ್ಲಿ ಏನಾಗುತ್ತೆ ಅನ್ನಿಸುತ್ತೆ ಅಲ್ವಾ? ಕ್ವಾರಿ ದಾರಿಗಳಲ್ಲಿ ಲಾರಿ ಚಕ್ರ ಕೊರೆದು ನಡುವೆ ಉಳಿದ ದಿಂಡಿನ ಮೇಲೆ ಹೋಗಿ ನೋಡಿ, ಮೊದಲು ಅಡಿಯಲ್ಲಿ ಕರಕರ ಅಂತಿದ್ದ ಜಾಗ ಈಗ ಸದ್ದಿಲ್ಲದೆ ದಾಟುತ್ತದೆ.

ಇನ್ನು ಮರಳು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆಗೆ ಹರಿಯುವ ಜಯಮಂಗಲಿ ನದಿ ಬೇಸಿಗೆಯಲ್ಲಿ ಒಣಗಿರುತ್ತದೆ. ಟಯರ್‌ನಲ್ಲಿ 28 ಪಿಎಸ್‌ಐ ಗಾಳಿ ಒತ್ತಡ ಇಟ್ಟುಕೊಂಡು ಇಳಿದರೆ ಫೋರ್ ಲೋನಲ್ಲೂ (ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ನಿಧಾನದ ಗೇರ್) ಮುಂದಿನ ಚಕ್ರ ಮರಳನ್ನು ದೂಡಿ ಗುಡ್ಡೆ ಹಾಕುತ್ತಿತ್ತು, ಎಂಜಿನ್ ಏದುಸಿರು ಬಿಡುತ್ತಿತ್ತು. ಕೆಳಗಿಳಿದು ವಾಲ್ವ್ ಒತ್ತಿ 15ಕ್ಕೆ ತಂದೆ. ಟಯರ್ ಬದಿ ಉಬ್ಬಿತು, ನೆಲಕ್ಕೆ ಕೂರುವ ಜಾಗ ಉದ್ದವಾಯಿತು. ಅದೇ ಮರಳು, ಅದೇ ಗೇರ್, ಗಾಡಿ ಆರಾಮಾಗಿ ಆಚೆ ದಡ ಹತ್ತಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ಗಾಳಿ ಕಡಿಮೆ ಇರುವಾಗ ಸ್ಟೀರಿಂಗ್ ಜೋರಾಗಿ ಎಳೆಯಬೇಡಿ, ಟಯರ್ ರಿಮ್ ಬಿಟ್ಟುಬಿಡುತ್ತದೆ. ಟಾರ್ ರೋಡ್ ಹತ್ತುವ ಮುಂಚೆ ವಾಪಸ್ ತುಂಬಲೇಬೇಕು, ಹಾಗಾಗಿ ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್ ಇಲ್ಲದೆ ನಾನು ಮನೆ ಬಿಡುವುದಿಲ್ಲ.

ಕಷ್ಟಗಳೂ ಇವೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಅಗಲದ ಟಯರ್, ನಿಂತಲ್ಲೇ ತಿರುಗಿಸಲು ತೋಳು ಸೋಲುತ್ತದೆ. ಟಯರ್ ದೊಡ್ಡದಾದ್ದರಿಂದ ಮೀಟರ್ 60 ತೋರಿಸುವಾಗ ನಿಜವಾಗಿ 66ರ ಹತ್ತಿರ ಹೋಗುತ್ತಿರುತ್ತೀರಿ. ಐದನೇ ಗೇರ್‌ನಲ್ಲಿ ಎಳೆತ ಕಮ್ಮಿ, ಸಣ್ಣ ಏರು ಬಂದರೂ ನಾಲ್ಕಕ್ಕೆ ಇಳಿಸಬೇಕು. ಪೆಟ್ರೋಲ್ ಬಗ್ಗೆ ಹೇಳುವುದೇ ಬೇಡ.

ನನಗೆ ಬೇಸರ ತಂದಿದ್ದು ಹಿಂದಿನ ಆ ಜಾಸ್ತಿ ಬ್ಲೇಡ್. ಸ್ಪ್ರಿಂಗ್ ಗಟ್ಟಿಯಾಗಿ ಚಕ್ರ ಕೆಳಕ್ಕೆ ಇಳಿಯುವುದೇ ಇಲ್ಲ. ಬಂಡೆಯ ಮೇಲೆ ಓರೆಯಾಗಿ ಹತ್ತಿದಾಗ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಡಿಫರೆನ್ಷಿಯಲ್‌ಗೆ ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಸಾಧನ) ಇಲ್ಲದ್ದರಿಂದ ಅದು ಸುಮ್ನೆ ಗಿರ್ರನೆ ತಿರುಗುತ್ತದೆ, ಹಿಂದಿನ ಇನ್ನೊಂದು ಚಕ್ರಕ್ಕೆ ಎಳೆತವೇ ಸಿಗುವುದಿಲ್ಲ. ಆ ಬ್ಲೇಡ್ ಬಿಚ್ಚಿ ತೆಗೆದ ಮೇಲೆ ಹಿಂಭಾಗ ಸ್ವಲ್ಪ ಕೂತಿತು, ಆದರೆ ಅದೇ ಬಂಡೆ ಹತ್ತುತ್ತಿದೆ. ಹಿಂದಿನ ಸೀಟಿನಲ್ಲಿ ಅಮ್ಮನಿಗೂ ಸೊಂಟ ನೋವು ಕಡಿಮೆ.

ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. ಸ್ಪ್ಯಾನರ್ ಹಿಡಿಯುವ ಮುಂಚೆಯೇ ಆರ್‌ಟಿಒದಲ್ಲಿ ಕೇಳಿ. ಇನ್ನೊಂದು ವಿಷಯ, ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ದಯವಿಟ್ಟು ಗಾಡಿ ಇಳಿಸಬೇಡಿ. ಅಲ್ಲಿ ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳಿವೆ, ಚಕ್ರ ಹಾಯ್ದರೆ ಮುಗಿಯಿತು.

ಮುಂದಿನ ಕೆಲಸವಾಗಿ, ಆಕ್ಸಲ್ ಒಳಗೆ ಗಾಳಿ ಆಡಲು ಇರುವ ಬ್ರೀದರ್ ಪೈಪ್ ಎತ್ತರಕ್ಕೆ ಒಯ್ಯಬೇಕು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಕ್ಕೆ ನೀರು ಎಳೆದುಕೊಳ್ಳುತ್ತದೆ, ಮಳೆಗಾಲಕ್ಕೆ ಮುಂಚೆ ಈ ಕೆಲಸ ಮುಗಿಸುತ್ತೇನೆ.