ಜಂತುಹುಳು ಇರುವ ತೋಟಕ್ಕೆ ಪೌರ್ಣಮಿಯೋ, ಹಿಪ್ಪಲಿ ಕಸಿಯೋ?

ಬೇರುಗಂಟು ಜಂತುಹುಳು (ಬೇರಿಗೆ ಹೊಕ್ಕು ಗಂಟು ಮಾಡುವ, ಕಣ್ಣಿಗೆ ಕಾಣದ ಮಣ್ಣಿನ ಹುಳು) ಇರುವ ತೋಟಕ್ಕೆ ನನ್ನ ಓಟು ಪೌರ್ಣಮಿ ಎಂಬ ಕರಿಮೆಣಸು ತಳಿಗೆ. ಸಿದ್ದಾಪುರದ ಹತ್ತಿರ ನಮ್ಮ ರೊಬಸ್ಟಾ ಕಾಫಿ ತೋಟದಲ್ಲಿ ಮೂರು ಬಗೆಯ ಮೆಣಸು ಬಳ್ಳಿ ಬೆಳೆಸಿ ನೋಡಿದ ಮೇಲೆ ಬಂದ ಮಾತಿದು.

ಮೊದಲು ಹಾಕಿದ್ದು ಪಣಿಯೂರು-1. ಕರೆ (ಕಾಳಿನ ಗೊಂಚಲು) ಉದ್ದ, ಕಾಳು ದಪ್ಪ. ದಟ್ಟ ನೆರಳಿಗೆ ಮಾತ್ರ ಆಗದು. ಮೂರನೇ ವರ್ಷ ಮಳೆ ಹಿಂದಾದ ಮೇಲೆ, ಅಕ್ಟೋಬರ್‌ನಲ್ಲಿ, ಎಲೆ ಹಳದಿಯಾಯಿತು. ಜೂನ್ ಮಳೆಗೆ ಮತ್ತೆ ಹಸಿರಾಯಿತು. ಸರಿಹೋಯ್ತು ಅಂದುಕೊಂಡೆವು. ಈ ಹುಳು ತರುವ ನಿಧಾನ ಸೊರಗು ರೋಗ ಮೋಸ ಮಾಡುವುದೇ ಹೀಗೆ, ಪ್ರತಿ ವರ್ಷ ಬಳ್ಳಿ ಸ್ವಲ್ಪ ಸ್ವಲ್ಪ ಸಣ್ಣದಾಗುತ್ತದೆ. ಕೊನೆಗೆ ಒಂದು ಬಳ್ಳಿ ಅಗೆದು ಬೇರು ತೊಳೆದೆ. ದಾರಕ್ಕೆ ಮಣಿ ಪೋಣಿಸಿದ ಹಾಗೆ ಗಂಟು. ನರ್ಸರಿಯಿಂದ ತಂದು ಮಿಕ್ಕಿದ್ದ ಒಂದು ಗಿಡದ ಕೊಟ್ಟೆ (ಪ್ಲಾಸ್ಟಿಕ್ ಚೀಲ) ದನದ ಕೊಟ್ಟಿಗೆ ಹಿಂದೆ ಇತ್ತು. ಅದನ್ನು ಸೀಳಿದರೆ ಅದರಲ್ಲೂ ಅದೇ ಗಂಟು! ದುಡ್ಡು ಕೊಟ್ಟು ಹುಳು ತಂದಿದ್ದೆವು. ಆ ದಿನ ತುಂಬಾ ಸಂಕಟವಾಯಿತು.

ಆಮೇಲೆ ಹಿಪ್ಪಲಿ ಕಸಿ. ಇಲ್ಲಿ ಹಿಪ್ಪಲಿ ಅಂದರೆ ದಕ್ಷಿಣ ಅಮೆರಿಕದ ಕಾಡುಮೆಣಸು ಕೊಲುಬ್ರಿನಂ; ಬೇರು ಅದರದು, ಮೇಲೆ ನಮ್ಮ ಬಳ್ಳಿ.  ಈ ಕಾಡುಜಾತಿಯ ಗುಣ ಮೆಣಸಿಗೆ ಬೇಕೆಂದರೆ ಸದ್ಯ ಕಸಿಯೇ ದಾರಿ. ಹುಳಕ್ಕೂ, ಬಳ್ಳಿಯನ್ನು ಬೇಗ ಸಾಯಿಸುವ ಶೀಘ್ರ ಸೊರಗು ರೋಗಕ್ಕೂ ಈ ಬೇರು ಜಗ್ಗುವುದಿಲ್ಲ, ಅದನ್ನು ಒಪ್ಪಲೇಬೇಕು.

ತೊಂದರೆ ನೀರಿನದು. ಕೊಲುಬ್ರಿನಂ ಜೌಗು ನೆಲದ ಗಿಡ. ನಮ್ಮ ಮೇಲಿನ ಏರಿಗೆ ಪೈಪ್‌ಲೈನ್ ಇಲ್ಲ, ಕೆರೆ ನೀರು ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವಷ್ಟಕ್ಕೇ ಸಾಕು. ಫೆಬ್ರವರಿ ಬಂದರೆ ಹನ್ನೊಂದು ಗಂಟೆಗೇ ಎಲೆ ಜೋತು ಬೀಳುತ್ತಿತ್ತು. ಕೊಡದಲ್ಲಿ ಹೊತ್ತು ಹಾಕಿದೆವು. ಬುಡಕ್ಕೆ ಸೊಪ್ಪು ಮುಚ್ಚಿದೆವು. ಕಾಫಿ ಕುಯಿಲಿನ ಸಮಯ ಬೇರೆ, ಆಳು ಎಲ್ಲಿ ಸಿಗ್ತಾರೆ? ಎರಡು ದಿನ ತಪ್ಪಿದರೆ ಮುಗಿಯಿತು. ಒಂದು ಬೇಸಿಗೆಯಲ್ಲಿ ಅರ್ಧ ಒಣಗಿದವು.

ಕಸಿಯ ಕೆಳಗಿಂದ ಚಿಗುರು ಬೇರೆ ಒಡೆಯುತ್ತದೆ. ಚಿವುಟದಿದ್ದರೆ ಕೊಲುಬ್ರಿನಂ ಬೆಳೆಯುತ್ತದೆ, ಮೆಣಸು ಸೊರಗುತ್ತದೆ. ಮಣ್ಣು ಏರಿಸುವಾಗ ಕಸಿಗಂಟು ಮುಚ್ಚಿಹೋದರೆ ಮೇಲಿನ ಬಳ್ಳಿಯೇ ಬೇರು ಬಿಡುತ್ತದೆ, ಆ ಬೇರಿಗೆ ಹುಳು ಬರುತ್ತದೆ. ನಮಗೆ ಒಂದು ಕಸಿ ಗಿಡಕ್ಕೆ ಕೊಟ್ಟ ದುಡ್ಡಿನಲ್ಲಿ ನಾಲ್ಕು ಸಾದಾ ಗಿಡ ಬರುತ್ತಿತ್ತು. ಕೆರೆ ಪಕ್ಕದ ಗದ್ದೆ ಅಂಚು ಇರುವವರು ಧೈರ್ಯವಾಗಿ ಹಾಕಲಿ.

ಪೌರ್ಣಮಿ 1991ರಲ್ಲಿ ಕಲ್ಲಿಕೋಟೆಯ ಸಂಬಾರ ಬೆಳೆ ಸಂಶೋಧನಾ ಸಂಸ್ಥೆ ಬಿಟ್ಟ ತಳಿ. ಬೇರುಗಂಟು ಹುಳುವನ್ನು ತಡೆದುಕೊಳ್ಳುತ್ತದೆ. ತಡೆದುಕೊಳ್ಳುತ್ತದೆ ಅಷ್ಟೇ, ಹುಳು ಬರುವುದೇ ಇಲ್ಲ ಅಂತಲ್ಲ. ಅಗೆದು ನೋಡಿದರೆ ಅಲ್ಲೊಂದು ಇಲ್ಲೊಂದು ಗಂಟು ಕಾಣುತ್ತದೆ, ಆದರೆ ಬಳ್ಳಿ ಹಸಿರಾಗಿಯೇ ಇದೆ. ಶೀಘ್ರ ಸೊರಗಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ಹೇಗೂ ತಪ್ಪದು. ವಾರಗಟ್ಟಲೆ ತೋಟಕ್ಕೆ ಹೋಗಲು ಆಗದ ನನಗೆ ಇದು ಸಾಕು.

ಈ ಸಲ ನರ್ಸರಿಯಿಂದ ತರುತ್ತಿಲ್ಲ. ನಮ್ಮದೇ ಗಟ್ಟಿ ಬಳ್ಳಿಗಳಿಂದ ಕಡ್ಡಿ ತೆಗೆದಿದ್ದೇವೆ. ಕೊಟ್ಟೆಗೆ ತುಂಬುವ ಮಣ್ಣನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಕಾವಿಗೆ ಹುಳು ಸಾಯಲಿ ಎಂದು ಕಣದ ಬಿಸಿಲಿಗೆ ಹಾಕಿದ್ದೇವೆ.