ಕಟ್ಟಡ ನೋಡಿ ಸೇರಬೇಡಿ, ಮೇಡಂಗಳನ್ನು ಎಣಿಸಿ

ಬೆಂಗಳೂರಿನ ಹೊರಗಿನ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದೆ. ಹೆಸರು ಹೇಳುವುದಿಲ್ಲ. ಹಾಸ್ಟೆಲ್ ಚೆನ್ನಾಗಿತ್ತು, ಊಟ ಪರವಾಗಿಲ್ಲ. ಪಾಠ ಹೇಳುವವರೇ ಸಾಲದು.

ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಂತೆ 10 ವಿದ್ಯಾರ್ಥಿಗಳಿಗೆ ಒಬ್ಬರು ಶಿಕ್ಷಕರಿರಬೇಕು. ನಮ್ಮ ಬ್ಯಾಚಿನಲ್ಲೇ 60 ಜನ. ಮೂರನೇ ವರ್ಷ ಮಕ್ಕಳ ನರ್ಸಿಂಗ್, ಹೆರಿಗೆ ವಿಷಯ ಎರಡನ್ನೂ ಒಬ್ಬರೇ ಮೇಡಂ ತೆಗೆದುಕೊಂಡರು. ಸಂಜೆ ಹೊತ್ತಿಗೆ ಅವರ ಗಂಟಲು ಕಟ್ಟಿರುತ್ತಿತ್ತು. ಅವರ ಮೇಲೆ ನನಗೆ ಸ್ವಲ್ಪವೂ ಕೋಪವಿಲ್ಲ. ಎಂಎಸ್ಸಿ ಮಾಡಿದ ಅವರಿಗೆ ಸಿಗುತ್ತಿದ್ದ ಸಂಬಳ ಕೇಳಿ ನನಗೇ ಸಂಕಟವಾಯಿತು. ಕೊನೆಗೆ ಅವರೂ ಗಲ್ಫ್‌ಗೆ ವಾರ್ಡ್ ಕೆಲಸಕ್ಕೆ ಹೋದರು. ಆಮೇಲೆ ಆರು ವಾರ ಆ ಪೀರಿಯಡ್ ಖಾಲಿ.

ಲ್ಯಾಬಿನ ಗೊಂಬೆಯ ಕೈಗೆ ಸೂಜಿ ಚುಚ್ಚುವುದು ಸುಲಭ. ವಾರ್ಡಿನಲ್ಲಿ ಒಣಗಿದ ಕೈಯ ಅಜ್ಜಿಗೆ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕುವಾಗ ನನ್ನ ಕೈ ನಡುಗಿತು. ಪಕ್ಕದಲ್ಲಿ ಟ್ಯೂಟರ್ ಇರಲಿಲ್ಲ. ಡ್ಯೂಟಿಯಲ್ಲಿದ್ದ ಹಿರಿಯ ಸಿಸ್ಟರ್ ಬಂದು, "ನಿಧಾನ ಮಗಾ, ಮೊದಲು ನರ ಮುಟ್ಟಿ ನೋಡು" ಅಂದರು. ನನಗೆ ಕೆಲಸ ಕಲಿಸಿದ್ದು ಅವರು. ಆದರೆ ಅದು ಅವರ ಡ್ಯೂಟಿ ಅಲ್ಲ ಅಲ್ವಾ?

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಆರಿಸುವ ಮುಂಚೆ ಕಾಲೇಜಿಗೆ ಹೋಗಿ. ಎಂಎಸ್ಸಿ ಆದವರು ಎಷ್ಟು ಜನ, ಎಷ್ಟು ವರ್ಷದಿಂದ ಇದ್ದಾರೆ, ವಾರ್ಡಿಗೆ ಜೊತೆಗೆ ಯಾರು ಬರುತ್ತಾರೆ ಅಂತ ಕೇಳಿ. ಸೀನಿಯರ್‌ಗಳನ್ನೂ ಕೇಳಿ, ಅವರು ನಿಜ ಹೇಳುತ್ತಾರೆ.

ನನ್ನ ಕಡೆಯಿಂದ 5ಕ್ಕೆ 2. ಆ ಎರಡೂ ಮೇಡಂಗೆ.